ಅಷ್ಟೇನಿಲ್ರಿ ಅಂದರೆ ಎಷ್ಟು?

ಈ ಸಭೆಗೆ ಅಧ್ಯಕ್ಷರಾಗಿ, ಆಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ನಮ್ಮ ಡಾಕ್ಟರ್ ಪದ್ಮಶ್ರೀ ಮೇಡಂ ಅವರೇ, ಮೂವತ್ಮೂರು ವರ್ಷ ಮಂದಿಯ ರಕ್ತ ಪರೀಕ್ಷೆ ಮಾಡಿ ಇವತ್ತು ಕೊರಳ ಹೂಮಾಲೆಯ ಭಾರಕ್ಕೆ ತಾವೇ ಬೆವರುತ್ತಿರುವ ಅಕ್ಬರಸಾಬರೇ, ದೂರದಿಂದ ಬಂದ ಅತಿಥಿಗಳೇ, ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಎರಡು ವರ್ಷ ನಮಗೆ ರಕ್ತ ಕೊಟ್ಟು ಇವತ್ತು ಒಂದು ಹೊತ್ತಿನ ಊಟಕ್ಕೆ ಬಂದಿರುವ ತಾಯಂದಿರೇ, ಮತ್ತು ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಮೊದಲೇ ಬಂದು ಹಿಡಿದ ಜಾಣ ಸಭಿಕರೇ,

ನಿರೂಪಣೆ ಮಾಡುತ್ತಿರುವ ನಮ್ಮ ಕಂಪ್ಯೂಟರ್ ಹಣಮೇಶ ನನಗೆ ಎಂಟು ನಿಮಿಷ ಕೊಟ್ಟಿದ್ದಾನೆ. ವಿಷಯ, ಇಂದು ನಿವೃತ್ತರಾಗುತ್ತಿರುವ ಅಕ್ಬರಸಾಬರ ಸೇವೆ. ಕೊಡುವಾಗ, "ಸರ, ಪ್ರಾಸ ಎರಡಕ್ಕಿಂತ ಹೆಚ್ಚು ಬ್ಯಾಡ್ರಿ, ಮಂದಿ ಹಸದಾರ" ಎಂದ. ಆದ್ದರಿಂದ ಒಂದನ್ನು ಈಗಲೇ ಮುಗಿಸಿಬಿಡುತ್ತೇನೆ. ರಕ್ತ ನೋಡಿದವರು ನೂರಾರು, ರಕ್ತದ ಮಾತು ಕೇಳಿದವರು ಯಾರು? ನಮ್ಮ ಅಕ್ಬರಸಾಬರು!

ಚಪ್ಪಾಳೆಗೆ ಧನ್ಯವಾದ. ಅದು ಪ್ರಾಸಕ್ಕಲ್ಲ, ಸಾಬರಿಗೆ ಎಂದು ನನಗೆ ಗೊತ್ತು.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ನಾನು ಇಳಕಲ್ಲಿನವನು, ಆದ್ದರಿಂದ ಊರಿನ ಮಠದ ಅಜ್ಜನ ಹೆಸರೇ ನನಗೂ, ವಿಜಯಮಹಾಂತೇಶ. ನಮ್ಮ ಓಣಿಯಲ್ಲಿ ನಿಂತು ಈ ಹೆಸರು ಕೂಗಿದರೆ ಆರು ಮಂದಿ "ಓ" ಅನ್ನುತ್ತಿದ್ದರು. ಓದಿದ್ದು ಕನ್ನಡ ಮಾಧ್ಯಮದಲ್ಲಿ ಬಿ.ಎ. ಅಂಥವನಿಗೂ ಔಷಧ ಸಂಶೋಧನೆಗೂ ಏನು ಸಂಬಂಧ? ಆರು ವರ್ಷದ ಹಿಂದೆ ಮೇಡಂ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಇಂಗ್ಲಿಷ್ ಎಷ್ಟು ಬರ್ತೈತ್ರಿ ನಿಮಗ?"

"ಅಷ್ಟೇನಿಲ್ರಿ," ಅಂದೆ.

"ಛಲೋ ಆತು. ಕಾಗದದಾಗ ಬರದದ್ದು ನಿಮಗ ತಿಳೀತು ಅಂದ್ರ ಎಲ್ಲಾರಿಗೂ ತಿಳೀತೈತಿ."

ಇಂಗ್ಲಿಷ್ ಬಾರದ್ದಕ್ಕೇ ನೌಕರಿ ಸಿಕ್ಕವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನನ್ನ ಕೆಲಸ, ನಮ್ಮ ಪ್ರಯೋಗಗಳಿಗೆ ಸೇರುವವರು ಸಹಿ ಮಾಡುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯುವುದು, ಊರೂರು ತಿರುಗಿ ಓದಿ ಹೇಳುವುದು, ಪ್ರಶ್ನೆ ಕೇಳಿ ಉತ್ತರ ತುಂಬುವುದು. ಎಲ್ಲ ಒಪ್ಪಿಗೆ ಪತ್ರಗಳಲ್ಲೂ ನನಗೆ ಪ್ರೀತಿಯ ಒಂದು ಸಾಲಿದೆ: 'ನೀವು ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು.' ಮದುವೆ ಆಮಂತ್ರಣದಲ್ಲಿ ಈ ಸಾಲು ಇರುವುದಿಲ್ಲ, ನೋಡಿ. ಎಡಗಡೆ ಮೂರನೆಯ ಸಾಲಿನಲ್ಲಿ ನನ್ನ ಮನೆಯವರು, ನಾಗರತ್ನಾ, ಆಗಲೇ ಸೆರಗು ಬಾಯಿಗೆ ಹಿಡಿದಿದ್ದಾರೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಈ ಎರಡು ವರ್ಷ ನಾವು ಮಾಡಿದ್ದು ಕೀಲುಬ್ಯಾನಿಯ ಪ್ರಯೋಗ. ವಯಸ್ಸಾದ ಮೊಣಕಾಲಿನ ನೋವಲ್ಲ. ಮೈಯ ಕಾವಲಿಗೆ ಇರುವ ರಕ್ತ ದಾರಿ ತಪ್ಪಿ ಮೈಯ ಕೀಲುಗಳನ್ನೇ ಸುಡುವ ಬೇನೆ. ಮೊದಲು ಬೆರಳು ಬಿಗಿಯುತ್ತವೆ, ಆಮೇಲೆ ಬಾಗುತ್ತವೆ. ಒಳಗೆ ಬೆಂಕಿ ಎಷ್ಟಿದೆ ಎಂದು ಹೇಳುವ ಒಂದು ಗುರುತು ರಕ್ತದಲ್ಲಿ ಸಿಗುತ್ತದೆ. ಅದರ ಹೆಸರು ಸಿಆರ್‌ಪಿ.

ಈ ಹೆಸರೇ ಮೊದಲ ಫಜೀತಿ. ನಮ್ಮ ಕಡೆ ಸಿಆರ್‌ಪಿ ಅಂದರೆ ಸಾಲಿ ತಪಾಸಣೆಗೆ ಬರುವ ಸಾಹೇಬರು. ಹುನಗುಂದದ ಒಬ್ಬ ಟೀಚರಮ್ಮನವರಿಗೆ, "ನಿಮ್ಮ ರಕ್ತದಾಗ ಸಿಆರ್‌ಪಿ ಹೆಚ್ಚಾಗೈತ್ರಿ" ಅಂದೆ. ಅವರು ಗಲ್ಲಕ್ಕೆ ಕೈ ಹಚ್ಚಿ, "ಅಯ್ಯ, ಸಾಲಿಯೊಳಗ ಒಬ್ಬರನ್ನ ತಡಕೊಳ್ಳೋದ ಸಾಕಾಗೇತ್ರಿ, ರಕ್ತದಾಗೂ ಬಂದ್ರೇನು?" ಅಂದರು.

ಎರಡನೆಯ ಫಜೀತಿ ನನ್ನದೇ. ಪ್ರಯೋಗದಲ್ಲಿ ಎರಡು ಗುಂಪು ಇದ್ದವು. ಇಂಗ್ಲಿಷಿನವರು ಗುಂಪಿಗೆ ತೋಳು ಅನ್ನುತ್ತಾರಂತೆ. ನಾನು ನಿಷ್ಠೆಯಿಂದ 'ಮೊದಲನೆಯ ತೋಳಿನವರು, ಎರಡನೆಯ ತೋಳಿನವರು' ಎಂದು ಬರೆದೆ. ಗುಳೇದಗುಡ್ಡದ ಪದ್ಮವ್ವ, ಅಲ್ಲಿ ಕುಂತು ನಗುತ್ತಿದ್ದಾರೆ ನೋಡಿ, ಪೂರ್ತಿ ಕೇಳಿಸಿಕೊಂಡು, "ತಮ್ಮಾ, ನನ್ನವು ಎರಡೂ ತೋಳು ನೋಯ್ತಾವು. ಒಂದಕ್ಕಷ್ಟ ಔಷಧ ಕೊಟ್ರ ಇನ್ನೊಂದು ಸಿಟ್ಟಾಗೂದಿಲ್ಲೇನು?" ಅಂದರು. ಆ ರಾತ್ರಿಯೇ ತೋಳು ಹೋಗಿ ಗುಂಪು ಬಂತು.

ಪ್ರಯೋಗ ಇಷ್ಟೇ. ಔಷಧ ಎಲ್ಲರಿಗೂ ಒಂದೇ, ವಾರಕ್ಕೊಮ್ಮೆ ನುಂಗುವ ಹಳೆಯ ಗುಳಿಗೆ. ಪ್ರಶ್ನೆ, ಅದನ್ನು ಏರಿಸುವುದು ಇಳಿಸುವುದು ಯಾರ ಮಾತು ಕೇಳಿ? ಅರವತ್ತು ಮಂದಿಗೆ ಅವರ ಬಾಯಿಯ ಮಾತು ಕೇಳಿ, ಅರವತ್ತು ಮಂದಿಗೆ ಅವರ ರಕ್ತದ ಗುರುತು ನೋಡಿ. ಬಾಯಿ ಗುಂಪು, ರಕ್ತ ಗುಂಪು. ಯಾರು ಎಲ್ಲಿಗೆ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತಿತ್ತು.

ಬಾಯಿ ಗುಂಪಿನ ಹೊಣೆ ನನ್ನದು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಬೇಕು, ಅಂಕಿ ಬರೆಯಬೇಕು. ತಾಯಂದಿರೇ, ನೀವು ನನಗೆ ಒಂದಾದರೂ ಅಂಕಿ ಕೊಟ್ಟಿರಾ? ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲಾಗದವರು, ಮಗ್ಗದ ಮುಂದೆ ಕುಂತು ಹರಿದ ಎಳೆ ಹೊಸೆಯಲಾಗದವರು, ನನ್ನ ಮುಖ ನೋಡಿದ ಕೂಡಲೇ ಎಲ್ಲರದೂ ಒಂದೇ ಮಾತು: "ಅಷ್ಟೇನಿಲ್ರಿ."

ನಾನು ಪ್ರಾಮಾಣಿಕ ಮನುಷ್ಯ. ಅಂಕಿ ಬರೆಯುವ ಚೌಕದಲ್ಲಿ 'ಅಷ್ಟೇನಿಲ್ಲ' ಎಂದೇ ಬರೆದೆ. ಹಣಮೇಶ ಫೋನ್ ಹಚ್ಚಿದ. "ಸರ, ಕಂಪ್ಯೂಟರ್ ಇದನ್ನ ತಗೋವಲ್ಲದು. ಅಷ್ಟೇನಿಲ್ಲ ಅಂದ್ರ ಎಷ್ಟ್ರಿ?" ನಾನು ಯೋಚಿಸಿ, "ಎರಡು ಹಾಕಪಾ" ಅಂದೆ. ಮೇಡಂ ಕೆಂಪು ಪೆನ್ನಿನಿಂದ ಅಷ್ಟೂ ಎರಡುಗಳನ್ನು ಹೊಡೆದು ಹಾಕಿ, "ನೀವು ಊಹಿಸೂದು ಬ್ಯಾಡ. ಮತ್ತೊಮ್ಮೆ ಹೋಗಿ ಕೇಳ್ರಿ" ಅಂದರು. ಹೋಗಿ ಕೇಳಿದೆ. "ಹೇಳಿದ್ದೆನಲ್ಲ ತಮ್ಮಾ, ಅಷ್ಟೇನಿಲ್ಲ."

ಹೀಗಿರುವಾಗ ಹೋಲಿಸಿ ನೋಡಲು ಕೀಲುಬ್ಯಾನಿ ಇಲ್ಲದ ಮೂವತ್ತು ಹೆಣ್ಣುಮಕ್ಕಳ ರಕ್ತ ಬೇಕಾಯಿತು. ಇಪ್ಪತ್ತೊಂಬತ್ತು ಮಂದಿ ಸಿಕ್ಕರು. ಇನ್ನೊಬ್ಬರಿಗೆ ಎಲ್ಲಿ ಹೋಗಲಿ? ನವನಗರದ ನನ್ನ ಮನೆಗೇ ಹೋದೆ. "ಬಾ, ಒಂದು ಶಿಶಿ ರಕ್ತ ಕೊಡು, ನಮ್ಮ ಲೆಕ್ಕ ತುಂಬಲಿ" ಅಂದೆ. ಈಕೆ ಸೀರೆ ಬದಲಿಸಿ ಬಂದಳು.

ಆ ಗುಂಪಿಗೂ ಹನ್ನೊಂದು ಪ್ರಶ್ನೆಗಳ ಹಾಳೆಯಿತ್ತು. ಬೆಳಗ್ಗೆ ಬೆರಳು ಬಿಗಿಯುತ್ತವೆಯೇ? ಗುಂಡಿ ಹಾಕಲು ಕಷ್ಟವೇ? ಇಂಥವು. ಸಂಬಂಧಿಕರ ಹಾಳೆಯನ್ನು ಬೇರೆಯವರು ತುಂಬಬೇಕು ಎಂಬ ನಿಯಮ ಇದೆ. ಅದನ್ನು ಕನ್ನಡದಲ್ಲಿ ಬರೆದವನು ನಾನೇ. ಅಂದು ಸಿಸ್ಟರ್ ಊಟಕ್ಕೆ ಹೋಗಿದ್ದರು. ಗದ್ದಲ ಬಹಳವಿತ್ತು. ನನ್ನ ಹೆಂಡತಿ ನನಗೆ ಗೊತ್ತಿಲ್ಲವೇ? ಹತ್ತೊಂಬತ್ತು ವರ್ಷದ ಸಂಸಾರ. ಆಕೆಯ ಕಡೆ ನೋಡದೆ ಹನ್ನೊಂದು ಚೌಕಕ್ಕೂ 'ಇಲ್ಲ, ಇಲ್ಲ, ಇಲ್ಲ' ಎಂದು ಗುರುತು ಹಾಕಿದೆ. ಆಕೆ ನನ್ನ ಪಕ್ಕದಲ್ಲೇ ನಿಂತಿದ್ದಳು.

ಅಕ್ಬರಸಾಬರ ಬಗ್ಗೆ ಮಾತಾಡು ಅಂದರೆ ಇವನು ಹೆಂಡತಿಯ ಪುರಾಣ ತೆಗೆದ ಎಂದು ಮೇಡಂ ಅಂದುಕೊಳ್ಳುತ್ತಿರಬಹುದು. ಬಂದೆ, ಸಾಬರ ಹತ್ತಿರವೇ ಬಂದೆ.

ಅಕ್ಬರಸಾಬರ ಪ್ರಯೋಗಶಾಲೆಯಲ್ಲಿ ಹೆಸರು ಇರುವುದಿಲ್ಲ, ನಂಬರು ಮಾತ್ರ, ಅದೂ ಬಂದ ಸರದಿಯಲ್ಲಲ್ಲ. ಅನುಮಾನ ಬಂದ ಶಿಶಿಯನ್ನು ಅವರು ಮೂರು ಸಲ ನೋಡುತ್ತಾರೆ. ಯಾಕೆ ಎಂದು ಕೇಳಿದರೆ, "ಮೊದಲನೇದು ಯಂತ್ರದ ಮಾತು, ಎರಡನೇದು ನನ್ನ ಮಾತು, ಮೂರನೇದು ಮ್ಯಾಲಿನವಂದು" ಅನ್ನುತ್ತಾರೆ. ಎಂಟು ದಿನದ ನಂತರ ಅವರು ಕನ್ನಡಕ ಹಣೆಗೇರಿಸಿಕೊಂಡು ನನ್ನ ಕೋಣೆಗೆ ಬಂದರು. ಬಂದವರೇ ಶುರು.

"ಲೇ ಪ್ರಾಸದ ಮಾಸ್ತರ, ಎಲ್ಲೈತಿ ನಿನ್ನ ಲಕ್ಷ್ಯ? ಆರಾಮ ಇದ್ದವರ ಡಬ್ಬಿಯೊಳಗ ಬ್ಯಾನಿ ಇದ್ದಾಕಿ ಶಿಶಿ ಇಟ್ಟೀಯಲ್ಲೋ! ಹದಿನೇಳನೇ ನಂಬರ್. ಐದರ ಒಳಗ ಇರಬೇಕಾದ್ದು ನಲವತ್ತೆಂಟು ಐತಿ. ಮೂರು ಸಲ ನೋಡೇನಿ."

"ಇಲ್ರಿ ಸಾಬರ, ಚೀಟಿ ನಾನ ಹಚ್ಚೇನಿ."

"ನೀ ಹಚ್ಚೀ ಅಂತನ ಅನುಮಾನ."

ಇಬ್ಬರೂ ಜಗಳ ಹೊತ್ತು ಮೇಡಂ ಕಡೆ ಹೋದೆವು. ಹೆಸರಿನ ವಹಿ ಅವರ ಕಪಾಟಿನಲ್ಲಿ ಕೀಲಿಯೊಳಗೆ ಇರುತ್ತದೆ. ತೆಗೆದರು, ಹದಿನೇಳರ ಮೇಲೆ ಬೆರಳಿಟ್ಟರು, ಓದಲಿಲ್ಲ. ನನ್ನ ಮುಖ ನೋಡಿದರು.

ಸಭಿಕರೇ, ಕೆಲಸದಲ್ಲಿ ತಪ್ಪಾಗದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಾರೆ. ಅಂದು ನಾನು, ತಪ್ಪು ನನ್ನದೇ ಆಗಿರಲಿ, ಚೀಟಿ ಅದಲುಬದಲು ಆಗಿರಲಿ, ನೌಕರಿ ಹೋದರೂ ಹೋಗಲಿ, ತುಳಸಿಗೇರಿ ಹನುಮಪ್ಪಗೆ ಕಾಯಿ ಒಡಿಸುತ್ತೇನೆ ಎಂದು ನಿಂತಲ್ಲೇ ಹರಕೆ ಹೊತ್ತೆ. "ಅದಲಾಬದಲಿ ಆಗಿರಬೇಕ್ರಿ ಮೇಡಂ. ನನ್ನ ಹೆಂಡತಿ ಆರಾಮ ಅದಾಳ್ರಿ" ಅಂದೆ. ಜಗಳಕ್ಕೆ ಬಂದ ಅಕ್ಬರಸಾಬರು ಜಗಳ ಮರೆತರು. "ನಡಿ, ಮತ್ತೊಮ್ಮೆ ತಗೊಂಡು ಬರೂಣು. ಈ ಸಲ ಸೂಜಿನೂ ನಂದು, ಚೀಟಿನೂ ನಂದು" ಅಂದರು.

ನನ್ನ ಗಾಡಿಯ ಹಿಂದೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಂತರು.

ನಾಗರತ್ನಾ ಕುರ್ಚಿ ಮೇಲೆ ಕುಂತಳು. ಸಾಬರು ತೋಳಿಗೆ ಪಟ್ಟಿ ಬಿಗಿದರು.

"ಮುಷ್ಟಿ ಕಟ್ಟು ತಂಗೆವ್ವಾ."

ನಾಲ್ಕು ಬೆರಳು ಅರ್ಧ ದಾರಿ ಬಂದು ನಿಂತವು.

"ಇನ್ನೊಂಚೂರು ಬಿಗಿ."

"ಇಷ್ಟ ಬರ್ತೈತ್ರಿ ಅಣ್ಣಾರ."

"ನೋಯ್ತೈತೇನು?"

"ಅಷ್ಟೇನಿಲ್ರಿ."

ಸಾಬರು ಆಕೆಯನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು. ಹತ್ತು ತಿಂಗಳಿನಿಂದ ನಾನು ಕೇಳುತ್ತ ಬಂದಿದ್ದ ಮಾತು ಅದು. ಊರೂರು ತಿರುಗಿ ಕೇಳಿದ್ದೆ, ಮನೆಯಲ್ಲಿ ಕೇಳಿರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಬಾಜೂಮನಿ ರೇಣವ್ವ, "ನಾಗರತ್ನಕ್ಕಾ, ರೊಟ್ಟಿ ತಂದೇನಿ, ಇವತ್ತ ನಾಕು ಹೆಚ್ಚ ಬಡದೇನಿ ನೋಡ್ರಿ" ಅನ್ನುತ್ತ ಬಟ್ಟೆ ಸುತ್ತಿದ ಬುಟ್ಟಿ ಹಿಡಿದು ಒಳಗೆ ಬಂದಳು. ಹೊತ್ತಿಗೆ ಮುಂಚೆ ಮನೆಗೆ ಬಂದ ನನ್ನನ್ನು ಕಂಡು ಹಾಗೇ ನಿಂತಳು.

ಎಂಟು ತಿಂಗಳಿನಿಂದ ನಮ್ಮ ಮನೆಯ ರೊಟ್ಟಿ ರೇಣವ್ವನ ಕೈಯದು. ಅದಕ್ಕೆ ಬದಲಾಗಿ ಈಕೆ ರೇಣವ್ವನ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಳಂತೆ. ನನಗೆ ಗೊತ್ತೇ ಇಲ್ಲ. ಗೊತ್ತಿಲ್ಲದಿದ್ದರೆ ಸುಮ್ಮನಾದರೂ ಇರಬೇಕಿತ್ತು. ನಡುವೆ ಒಂದು ದಿನ, ಇದೇ ರೇಣವ್ವ ಎದುರಿಗಿರುವಾಗ, ಹೆಂಡತಿಯನ್ನು ಹೊಗಳಿ ಪ್ರಾಸ ಬೇರೆ ಕಟ್ಟಿದ್ದೆ: 'ತಟ್ಟಿದ ರೊಟ್ಟಿ ತೆಳ್ಳಗ, ತಟ್ಟಿದ ಕೈ ಬೆಳ್ಳಗ!' ಹಣಮೇಶ, ಇದು ಎರಡನೆಯದು, ಲೆಕ್ಕ ಸರಿಯಾಯಿತು. ಅಂದು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ನನ್ನ ಪ್ರಾಸಕ್ಕೆ ಅಷ್ಟು ನಗು ಯಾವತ್ತೂ ಬಂದಿರಲಿಲ್ಲ. ನಾನು ಹಿಗ್ಗಿದ್ದೆ.

ಎರಡನೆಯ ಶಿಶಿ ನಲವತ್ತಾರು ಹೇಳಿತು. ಚೀಟಿ ಸರಿಯಿತ್ತು. ರಕ್ತದ ಗುರುತು ಸರಿಯಿತ್ತು. ನಾನು ಹಾಕಿದ ಹನ್ನೊಂದು ಗುರುತು ತಪ್ಪಿತ್ತು.

"ಯಾಕ ಹೇಳಲಿಲ್ಲ?" ಎಂದು ಆಮೇಲೆ ಕೇಳಿದೆ. ಜೋರಾಗಿಯೇ ಕೇಳಿದೆ, ಯಾರ ಮೇಲೆ ಸಿಟ್ಟು ಎಂದು ನನಗೇ ತಿಳಿಯದೆ. ಆಕೆ ಹೇಳಿದ ಮಾತನ್ನು ಇಲ್ಲಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ರೊಟ್ಟಿಯ ಸುದ್ದಿಯ ತನಕ ಮಾತ್ರ ಒಪ್ಪಿಗೆ ಸಿಕ್ಕಿದೆ. ನಾಗರತ್ನಾ, ತಪ್ಪಾಯಿತು, ಇದೊಂದು ಹೇಳಿಬಿಡತೇನಿ.

"ದಿನಾ ಸಂಜಿ ನೂರಾ ಇಪ್ಪತ್ತು ಮಂದಿ ಬ್ಯಾನಿ ಹೊತಗೊಂಡು ಮನಿಗೆ ಬರ್ತೀರಿ. ಅದರ ಮ್ಯಾಲ ನಂದೊಂದು ಎಲ್ಲಿಡ್ಲಿ ಅಂತ ಸುಮ್ಮನಿದ್ದೆ."

ಸ್ವಲ್ಪ ನೀರು ಕೊಡಪ್ಪಾ ಹಣಮೇಶ. ಸೆಕಿ ಭಾಳ ಐತಿ.

ಮರುದಿನ ಕರೆದುಕೊಂಡು ಹೋದಾಗ ಮೇಡಂ ಯಾವ ಅಂಕಿಯನ್ನೂ ಕೇಳಲಿಲ್ಲ. "ನಮಸ್ಕಾರ ಮಾಡ್ರಿ" ಅಂದರು. ಡಾಕ್ಟರಿಗೆ ಮರ್ಯಾದೆ ಕೊಡಲಿಲ್ಲ ಅಂತ ಅಂದರೋ ಏನೋ ಎಂದು ಈಕೆ ಗಾಬರಿಯಾಗಿ ಎರಡೂ ಕೈ ಜೋಡಿಸಿದಳು. ಜೋಡಿಸಿದಳು ಎಂದು ನಾನು ಹೇಳುತ್ತಿದ್ದೇನೆ. ಕೈ ಜೋಡಲಿಲ್ಲ. ಬೆರಳ ತುದಿ ತಾಗಿದವು, ಅಂಗೈಗಳ ನಡುವೆ ಒಂದು ನಿಂಬೆಹಣ್ಣು ಹಿಡಿಯುವಷ್ಟು ಸಂದು ಉಳಿಯಿತು. ಆ ಸಂದಿನೊಳಗಿಂದ ನನಗೆ ಆಚೆಯ ಕಿಟಕಿ ಕಾಣುತ್ತಿತ್ತು. ಅದೇ ಪರೀಕ್ಷೆಯಂತೆ. ಈಕೆ ದಿನಾ ಬೆಳಗ್ಗೆ ನನ್ನ ಮುಂದೆಯೇ ದೇವರ ಜಗಲಿಯ ಎದುರು ಕೈ ಮುಗಿಯುತ್ತಾಳೆ. ಬಂದವರಿಗೆಲ್ಲ ಮುಗಿಯುತ್ತಾಳೆ. ನಾನು ಕೈ ನೋಡಿದ್ದೆ, ಸಂದು ನೋಡಿರಲಿಲ್ಲ.

ಆಕೆಯ ಹಾಳೆ ರದ್ದಾಯಿತು, ಆ ಗುಂಪಿಗೆ ಬೇರೆಯವರು ಬಂದರು. ಕಾರಣ ಕೇಳಿ ನನಗೆ ಬಂದ ನೋಟಿಸಿಗೆ ಉತ್ತರ ಬರೆದೆ. ಪ್ರಾಸವಿಲ್ಲದೆ ಬರೆದೆ. ಪ್ರಯೋಗದ ಹೊರಗೆ, ಎಲ್ಲರ ಹಾಗೆ ಪಾಳಿ ಹಚ್ಚಿ, ಆಕೆಗೆ ಚಿಕಿತ್ಸೆ ಶುರುವಾಯಿತು. ಬೆರಳು ಬಾಗುವ ಮುಂಚೆ ಸಿಕ್ಕಿತು ಎಂದು ಮೇಡಂ ಹೇಳಿದರು. ಬಿಗಿದದ್ದು ಬಿಡುತ್ತದೆ, ಬಾಗಿದ್ದು ತಿರುಗಿ ಬರುವುದು ಕಷ್ಟ. ಬಾಗಲು ಇನ್ನೆಷ್ಟು ದಿನ ಉಳಿದಿತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು.

ಬಾಯಿ ಗುಂಪಿನ ಪ್ರಶ್ನೆಗಳೂ ಬದಲಾದವು. ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯ ಅನುಮತಿ ಪಡೆದು, ಹತ್ತರಲ್ಲಿ ಎಷ್ಟು ಎಂಬುದರ ಜೊತೆ ನಾನು ಬೇರೆ ನಾಲ್ಕು ಕೇಳತೊಡಗಿದೆ. ಕುಪ್ಪಸದ ಹುಕ್ಕು ಯಾರು ಹಾಕಿದರು? ಹೆರಳು ಯಾರು ಹಾಕಿದರು? ಚೊಂಬು ಒಂದು ಕೈಯಲ್ಲೋ ಎರಡರಲ್ಲೋ? ಇವತ್ತಿನ ರೊಟ್ಟಿ ಯಾರು ಬಡಿದರು? ಪದ್ಮವ್ವ ಹುಕ್ಕಿನ ಪ್ರಶ್ನೆಗೇ, "ಸೊಸಿ ಹಾಕ್ತಾಳಪಾ, ನಾಕು ತಿಂಗಳಾತು" ಎಂದು ಅತ್ತುಬಿಟ್ಟರು. ನೋವು ಎಷ್ಟು ಎಂದರೆ ಅಷ್ಟೇನಿಲ್ಲ ಅಂದವರೇ. ಒಟ್ಟು ಪ್ರಯೋಗದಲ್ಲಿ ಯಾವ ಗುಂಪು ಗೆದ್ದಿತು ಎಂದು ನಾನು ಹೇಳುವುದಿಲ್ಲ. ಲೆಕ್ಕ ಇನ್ನೂ ನಡೆದಿದೆ, ಹೇಳುವವರು ಮೇಡಂ. ನನಗೆ ತಿಳಿದದ್ದು ಇಷ್ಟು, ನಮ್ಮ ಹೆಣ್ಣುಮಕ್ಕಳ ಅಷ್ಟೇನಿಲ್ಲ ಎರಡಲ್ಲ. ನನ್ನ ಮನೆಯಲ್ಲಿ ಅದು ನಲವತ್ತೆಂಟು ಇತ್ತು.

ಮನೆಯಲ್ಲಿ ಈಗ ರೊಟ್ಟಿ ಬಡಿಯುವವನು ನಾನು. ನಗಬೇಡಿ. ಈಕೆ ಮಣೆ ಹಾಕಿಕೊಂಡು ಕುಂತು ಬಾಯಿಯಿಂದ ಕಲಿಸಿದಳು: "ನಡುವ ಒತ್ತಬ್ಯಾಡ್ರಿ, ಅಂಚಿಗೆ ಬರ್ರಿ, ತಿರುವ್ರಿ, ತಿರುವ್ರಿ ಅಂದ್ರ!" ಮೊದಮೊದಲು ನನ್ನ ರೊಟ್ಟಿ ಜಿಲ್ಲೆಯ ನಕಾಶೆಯ ಹಾಗೆ ಬರುತ್ತಿತ್ತು, ಜಮಖಂಡಿ ಒಂದು ಕಡೆ ಚಾಚಿ, ಹುನಗುಂದ ಇನ್ನೊಂದು ಕಡೆ ಹರಿದು. ಒಂದು ದಿನ ಡಬ್ಬಿಯಿಂದ ಅಕ್ಬರಸಾಬರಿಗೆ ಕೊಟ್ಟೆ. ಹಲ್ಲು ಹಚ್ಚಿ ನೋಡಿ, "ಮಾಸ್ತರ, ಇದು ರೊಟ್ಟಿ ಏನೋ, ನಿಮ್ಮ ಇಳಕಲ್ಲ ಗಣಿ ಕಲ್ಲೋ?" ಅಂದರು. ಅಂದವರು ಪೂರ್ತಿ ತಿಂದರು.

ಹದಿನಾಲ್ಕು ತಿಂಗಳು ಹೀಗೆ ನಡೆದಿದೆ. ನಾಗರತ್ನಾಳ ಶಿಶಿ ಹೋದ ದಿನವೆಲ್ಲ ಅಕ್ಬರಸಾಬರು ವರದಿ ಕಾಗದಕ್ಕಿಂತ ಮೊದಲು ತಾವೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೂವತ್ತೊಂದು. ಇಪ್ಪತ್ತಾರು. ನಡುವೆ ಒಮ್ಮೆ ಮೂವತ್ತಕ್ಕೆ ಏರಿತು, ಆ ದಿನ ಬರಲಿಲ್ಲ, ಚಹಾ ಕಳಿಸಿದರು. ಹೋದ ತಿಂಗಳು ಬಂದು, "ಒಂಬತ್ತು. ಮೂರು ಸಲ ನೋಡೇನಿ" ಅಂದರು. ನಾನು ಕಾಗದಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ. "ಅಂಕಿ ನನಗ ಬಿಡು. ನೀ ಮನಿಗೆ ಹೋಗಿ ಕೈ ನೋಡು" ಅಂದರು.

ಅಕ್ಬರಸಾಬರೇ, ಇದು ನಿಮ್ಮ ಸೇವೆಯ ಬಗ್ಗೆ ನಾನು ಆಡಬೇಕಾಗಿದ್ದ ಭಾಷಣ. ಹೆಸರಿಲ್ಲದ ಒಂದು ನಂಬರನ್ನು ನೀವು ಮೂರು ಸಲ ನೋಡಿದಿರಿ. ಹೆಸರು, ಮುಖ, ಹತ್ತೊಂಬತ್ತು ವರ್ಷ, ಎಲ್ಲ ಇದ್ದೂ ನಾನು ಒಂದು ಸಲ ನೋಡಿರಲಿಲ್ಲ. ಶಾಲು, ಫಲಕ ಎಲ್ಲ ನಮ್ಮ ಸಂಶೋಧನಾ ಘಟಕದ ವತಿಯಿಂದ ಕೊಟ್ಟಾಗಿದೆ. ನನ್ನ ಕೈಯಲ್ಲಿ ಕೊಡುವಂಥದ್ದು ಏನೂ ಇಲ್ಲ. ಮನೆಯವಳ ಕೈಯಲ್ಲಿ ಒಂದಿದೆ.

ನಾಗರತ್ನಾ, ಒಂದು ಗಳಿಗಿ ಎದ್ದು ನಿಲ್ತೀಯೇನು? ಒತ್ತಾಯ ಇಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು.

ಎದ್ದಳು. ಸಭಿಕರೇ, ನನ್ನ ಎಂಟು ನಿಮಿಷ ಎಂದೋ ಮುಗಿದಿವೆ. ಕರೆದ ಮೇಡಂ ಅವರಿಗೆ, ತಡೆದುಕೊಂಡ ಹಣಮೇಶನಿಗೆ, ಅಂಕಿ ಕೊಡದಿದ್ದರೂ ರಕ್ತ ಕೊಟ್ಟ ತಾಯಂದಿರಿಗೆ, ಹಸಿವೆ ಮರೆತು ಕುಂತ ನಿಮಗೆಲ್ಲ ನನ್ನ ವಂದನೆಗಳು. ಭಾಷಣದ ಕೊನೆಯಲ್ಲಿ ಮಾಡಬೇಕಾದ್ದನ್ನು ಮಾತ್ರ ನಾನು ಮಾಡುವುದಿಲ್ಲ, ಆಕೆ ಮಾಡುತ್ತಾಳೆ. ಸಾಬರೇ, ಹಣೆಯ ಮೇಲಿನ ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಆ ಕೈಗಳನ್ನು ನೋಡಿ. ಬೇಕಾದರೆ ಮೂರು ಸಲ ನೋಡಿ.

ಸಂದು ಇನ್ನೂ ಐತ್ರಿ. ಅಷ್ಟೇನಿಲ್ಲ.

ನಮಸ್ಕಾರ.